ನಂಬರ್ ಬಾರದೆ ರೈಲು ಬಿಡದ ಆಶಾರಾಣಿ

ಅಬ್ಬಿಗೆರೆಯ ಹಳೇ ಊರಿನೊಳಗೆ, ಮಾರಮ್ಮನ ಗುಡಿ ದಾಟಿ ಎಡಕ್ಕೆ ಹೊರಳಿದರೆ ಒಂದು ಸಂದಿ. ಆ ಸಂದಿಯಲ್ಲಿ ಭಾನುವಾರ ಮಧ್ಯಾಹ್ನ ಎರಡು ಗಂಟೆಗೆ ಹೊಲಿಗೆ ಮಿಷನ್ನಿನ ಸದ್ದು ನಿಂತಿತೆಂದರೆ ಅಕ್ಕಪಕ್ಕದವರಿಗೆ ಗೊತ್ತು, ಇನ್ನು ಸಂಜೆ ಐದರವರೆಗೆ ಬ್ಲೌಸು ಕೇಳಿಕೊಂಡು ಹೋದರೆ ಬಾಗಿಲು ತೆಗೆಯುವವರಿಲ್ಲ. ಕಿಟಕಿಯಿಂದ ಹೆಂಗಸೊಬ್ಬಳ ಗಟ್ಟಿ ದನಿ ಮಾತ್ರ ಕೇಳುತ್ತದೆ: ‘ಯಶವಂತಪುರ, ಯಶವಂತಪುರ, ನಂಬರ್ ಹೇಳಿ.’ ಆಮೇಲೆ ತಿರುಗಿ ಅದೇ ದನಿ: ‘ನಲವತ್ತೇಳು. ನಾಲ್ಕು, ಏಳು. ಬರ್ಕೊಂಡೆ. ಬಿಡ್ತಿದ್ದೀನಿ.’

ಬಿಡುವುದು ಏನನ್ನು ಅಂತೀರಿ? ರೈಲನ್ನು. ಎಂಥ ರೈಲು? ಹೊಗೆ ಇಲ್ಲ, ಕಬ್ಬಿಣ ಇಲ್ಲ, ಕಂಪ್ಯೂಟರಿನ ಪರದೆಯೊಳಗೇ ಹುಟ್ಟಿ ಪರದೆಯೊಳಗೇ ಓಡುವ ರೈಲು. ಓಡಿಸುವವನು ಹೆಬ್ಬಾಳದಲ್ಲಿ ತನ್ನ ಮನೆಯಲ್ಲಿ ಕೂತಿರುತ್ತಾನೆ, ಸ್ಟೇಷನ್ ನೋಡಿಕೊಳ್ಳುವವರು ಯಲಹಂಕದಲ್ಲಿ ತಮ್ಮ ಮನೆಯಲ್ಲಿ ಕೂತಿರುತ್ತಾರೆ, ಎಲ್ಲರನ್ನೂ ಒಂದೇ ದಾರದಲ್ಲಿ ಪೋಣಿಸಿ ಹಿಡಿದವಳು ಅಬ್ಬಿಗೆರೆಯ ಈ ಟೈಲರ್ ಆಶಾರಾಣಿ.

ಅವಳ ಅತ್ತೆ ಬೈರಮ್ಮ ಜಗಲಿಯ ಮೇಲೆ ಕೂತು ಹೋಗಿಬರುವವರಿಗೆಲ್ಲ ಹೇಳುತ್ತಿದ್ದಳು: ‘ನಮ್ ಸೊಸೆ ಇಲ್ದೇ ಇರೋ ರೈಲಿಗೆ ಗೇಟ್ ಆಕ್ತಾಳೆ. ಇರೋ ಒಲೆಗೆ ಬೆಂಕಿ ಆಕಕ್ಕೆ ಮಾತ್ರ ನಾನೇ ಆಗ್ಬೇಕು.’

ಗೇಟಿನ ಮಾತು ಬಂತಲ್ಲ, ಅಲ್ಲಿಂದಲೇ ಹಿಡಿಯೋಣ. ಕಥೆಯ ಬೇರು ಇರುವುದೂ ಅಲ್ಲೇ.

ಆಶಾರಾಣಿ ಹುಟ್ಟಿ ಬೆಳೆದದ್ದು ರೈಲ್ವೆ ಗೇಟಿನ ಮಗ್ಗುಲಲ್ಲಿ. ಅವಳ ಅಪ್ಪ ಮುನಿಯಣ್ಣ ಗೇಟ್‌ಮ್ಯಾನು. ಯಾವ ಗೇಟು ಎಂದು ಹೇಳುವುದು ಬೇಡ, ಈಗ ಅಲ್ಲಿ ಗೇಟೂ ಇಲ್ಲ, ಅಂಡರ್‌ಪಾಸ್ ಆಗಿ ಮಳೆಗಾಲದಲ್ಲಿ ನೀರು ನಿಲ್ಲುತ್ತದೆ. ಆ ಗೇಟಿನ ಗೂಡಿನಲ್ಲಿ ಒಂದು ಫೋನಿತ್ತು. ರೈಲು ಬಿಡುವ ಮುಂಚೆ ಸ್ಟೇಷನ್ ಮಾಸ್ತರು ಫೋನು ಮಾಡಿ ಗೇಟು ಹಾಕು ಅನ್ನುವರು. ಮುನಿಯಣ್ಣ ಗೇಟು ಹಾಕಿ, ಬೀಗ ಜಡಿದು, ವಾಪಸು ಬಂದು, ತನ್ನ ಹತ್ತಿರ ಇರುವ ಅಚ್ಚಿನ ಹಾಳೆಯಿಂದ ಒಂದು ಅಂಕಿ ಓದಿ ಹೇಳಬೇಕು. ಇಪ್ಪತ್ತಮೂರು ಎಂದೋ, ಎಂಬತ್ತೊಂದು ಎಂದೋ. ಹಾಳೆಯಲ್ಲಿ ಅಂಕಿಗಳು ಕ್ರಮ ತಪ್ಪಿ ಬಿದ್ದಿರುತ್ತವೆ. ಹೇಳಿದ್ದನ್ನು ಆಗಿಂದಾಗ್ಗೆ ಗೀಟು ಹಾಕಿ ಹೊಡೆದುಬಿಡಬೇಕು. ಅದು ಮಾಸ್ತರಿಗೆ ಮೊದಲೇ ಗೊತ್ತಿರುವುದಿಲ್ಲ, ಊಹಿಸಲೂ ಬರುವುದಿಲ್ಲ. ಆ ಅಂಕಿ ಮಾಸ್ತರ ಪುಸ್ತಕದಲ್ಲಿ ಬಿತ್ತೆಂದರೆ ಗೇಟಿನವನು ಎಚ್ಚರವಿದ್ದಾನೆ, ಗೇಟು ಹಾಕಿದ್ದಾನೆ, ತನ್ನ ಬಾಯಿಂದಲೇ ಹೇಳಿದ್ದಾನೆ ಎಂದು ಲೆಕ್ಕ. ಒಂದು ಸ್ಟೇಷನ್ನಿನವರು ಇನ್ನೊಂದು ಸ್ಟೇಷನ್ನಿಗೆ ‘ಹಾದಿ ಖಾಲಿ ಇದೆ, ರೈಲು ಬಿಡಿ’ ಎನ್ನುವುದೂ ಹೀಗೆಯೇ. ರೈಲ್ವೆಯವರು ಇದಕ್ಕೆ ಪ್ರೈವೇಟ್ ನಂಬರ್ ಅನ್ನುತ್ತಾರೆ. ಮುನಿಯಣ್ಣನ ಮನೆಯಲ್ಲಿ ಬರೀ ನಂಬರ್.

ಆಶಾಗೆ ಒಂಬತ್ತು ವರ್ಷ ಇರಬೇಕು. ಅಪ್ಪನಿಗೆ ಮುದ್ದೆ, ಹುರುಳಿ ಸಾರು ತಂದಿದ್ದಳು. ಗೇಟು ಹಾಕಿ ಕಾಲು ಗಂಟೆಯಾಗಿತ್ತು, ರೈಲಿನ ಸುಳಿವಿಲ್ಲ. ಆಚೆ ಕಡೆ ಲಾರಿ, ಸ್ಕೂಟರು, ಎತ್ತಿನಗಾಡಿ ಎಲ್ಲ ಸೇರಿ ಹಾರನ್ನು ಹೊಡೆದಿದ್ದೇ ಹೊಡೆದದ್ದು. ಬಿಳಿ ಕಾರಿನಿಂದ ಯಾರೋ ದೊಡ್ಡ ಮನುಷ್ಯರು ಇಳಿದು ಬಂದರು. ಹಳಿ ಖಾಲಿ ಬಿದ್ದಿದೆ, ಎರಡು ಕಡೆಯೂ ಮೈಲಿಗಟ್ಟಲೆ ಕಾಣುತ್ತಿದೆ, ನಿನಗೆ ಕಣ್ಣಿಲ್ಲವೇ, ತೆಗಿ ಗೇಟು ಅಂದರು. ಮುನಿಯಣ್ಣ ಕೈ ಕಟ್ಟಿಕೊಂಡು ನಿಂತು ಹೇಳಿದ: ‘ನಂಬರ್ ಕೊಟ್ಬುಟ್ಟಿವ್ನಿ ಸ್ವಾಮಿ. ಕೊಟ್ಮೇಲೆ ಗೇಟು ನಂದಲ್ಲ.’

ಕೆನ್ನೆಗೆ ಒಂದು ಬಿತ್ತು. ಮಗಳ ಎದುರಿಗೇ ಬಿತ್ತು. ಮುನಿಯಣ್ಣ ಬೀಗದ ಕೈಯನ್ನು ಚಡ್ಡಿಯ ಜೇಬಿಗೆ ಇನ್ನಷ್ಟು ಒಳಕ್ಕೆ ತಳ್ಳಿಕೊಂಡು ಅಲ್ಲೇ ನಿಂತ. ಹತ್ತು ನಿಮಿಷದ ಮೇಲೆ ರೈಲು ಬಂತು. ರೈಲೇನು, ಹಿಂದೆ ಒಂದು ಡಬ್ಬಿಯೂ ಇಲ್ಲದ ಒಂಟಿ ಇಂಜಿನ್ನು, ನಿಧಾನಕ್ಕೆ ಕೂಗಿಕೊಂಡು ಹೋಯಿತು. ಇಷ್ಟಕ್ಕೆ ಹೊಡೆತ ತಿಂದೆಯಾ ಎಂದು ಜನ ನಕ್ಕರು. ಅಂದು ಅಪ್ಪ ಮುದ್ದೆ ಮುರಿಯುವಾಗ ಆಶಾ ಅವನ ಮುಖವನ್ನೇ ನೋಡಿದಳು. ಕೆನ್ನೆ ಕೆಂಪಗಿತ್ತು, ಊಟ ಮಾತ್ರ ಎಂದಿನ ಹಾಗೇ ಇಳಿಯುತ್ತಿತ್ತು.

ಆ ಹುಡುಗಿ ಬೆಳೆದಳು, ಎಸ್ಸೆಸ್ಸೆಲ್ಸಿ ಮುಗಿಸಿದಳು, ಹೊಲಿಗೆ ಕಲಿತಳು, ಟ್ಯಾಂಕರ್ ಓಡಿಸುವ ಭೀಮರಾಜ್‌ನನ್ನು ಮದುವೆಯಾಗಿ ಅಬ್ಬಿಗೆರೆಗೆ ಬಂದಳು. ಒಳಗೊಂದು ಆಸೆ ಮಾತ್ರ ಕೆಂಡದ ಹಾಗೆ ಬೂದಿ ಮುಚ್ಚಿಕೊಂಡು ಕೂತಿತ್ತು. ಎರಡು ಸಾವಿರದ ಹದಿಮೂರರಲ್ಲಿ ರೈಲ್ವೆಯಲ್ಲಿ ಕೆಲಸಕ್ಕೆ ಕರೆದಿದ್ದಾರೆ, ಹೆಂಗಸರೂ ಹಾಕಬಹುದು ಎಂದು ಯಾರೋ ಅಂದಾಗ ಬೂದಿ ಹಾರಿತು. ಬಟ್ಟೆಯಂಗಡಿಗೆ ಬ್ಲೌಸು ಕೊಡಲು ಆರ್.ಟಿ. ನಗರಕ್ಕೆ ಹೋಗಿದ್ದವಳು ಅಲ್ಲೇ ಅಕ್ಬರ್ ಪಾಷಾ ಎಂಬವರ ಸೈಬರ್ ಸೆಂಟರಿಗೆ ಹತ್ತಿದಳು. ಐವತ್ತು ದಾಟಿದ ಪಾಷಾ ಒಬ್ಬರೇ ಕೂತಿದ್ದರು. ಎಲ್ಲರ ಕೈಗೂ ಫೋನು ಬಂದು ಸೈಬರ್ ಸೆಂಟರುಗಳಿಗೆ ನೊಣವೂ ಬಾರದ ಕಾಲ ಅದು. ಅರ್ಜಿ ತುಂಬುತ್ತಾ ಹುಟ್ಟಿದ ತಾರೀಕು ಹಾಕಿದರು, ಹಾಕಿದ ಜಾಗ ಕೆಂಪಗಾಯಿತು. ವಯಸ್ಸಿನ ಮಿತಿ ದಾಟಿ ಐದು ತಿಂಗಳಾಗಿತ್ತು. ಇನ್ನೊಂದು ಸಲ ಹಾಕಿ ನೋಡಿದರು. ಇನ್ನೊಂದು ಸಲವೂ ಕೆಂಪೇ.

ಆಶಾ ಎದ್ದು ನಿಂತಳು. ಎದ್ದವಳ ಕಣ್ಣು ಪಕ್ಕದ ಕಂಪ್ಯೂಟರಿಗೆ ಬಿತ್ತು. ಗಿರಾಕಿ ಇಲ್ಲದ ಹೊತ್ತಿಗೆ ಪಾಷಾ ಆಡುತ್ತಿದ್ದ ರೈಲಿನ ಆಟ ಅದು, ಸಿಮ್ಯುಲೇಟರು. ನಿಜವಾದ ಇಂಜಿನ್ನಿನೊಳಗೆ ಕೂತ ಹಾಗೇ, ಎದುರಿಗೆ ಹಳಿ, ಬ್ರೇಕು, ಹಾರನ್ನು ಎಲ್ಲ ಇತ್ತು. ಪಾಷಾ ಅರ್ಜಿಗೆಂದು ಎದ್ದು ಬಂದಿದ್ದರಿಂದ ರೈಲು ತನ್ನಷ್ಟಕ್ಕೆ ಓಡುತ್ತಲೇ ಇತ್ತು.

‘ಸಾಬ್ರೆ, ನೀವು ಕೆಂಪು ದಾಟ್ಬಿಟ್ರಿ,’ ಅಂದಳು ಆಶಾ.

ಪಾಷಾ ನಕ್ಕರು. ‘ಗೇಮು ಕಣಮ್ಮ ಇದು.’

‘ಗೇಮೇ ಇರ್ಲಿ. ಕೆಂಪು ಕೆಂಪೇ ಅಲ್ವಾ?’

ಒಂದು ಅರ್ಜಿ ಅಲ್ಲಿ ಸತ್ತಿತು, ಇನ್ನೊಂದು ಅಲ್ಲೇ ಹುಟ್ಟಿತು ಅನ್ನಿ. ಆ ವರ್ಷದ ಕೊನೆಗೆ ಪಾಷಾ ಸೈಬರ್ ಸೆಂಟರು ಮುಚ್ಚಿ ಜೆರಾಕ್ಸ್ ಅಂಗಡಿ ಮಾಡಿದಾಗ ಒಂದು ಕಂಪ್ಯೂಟರು ಅಬ್ಬಿಗೆರೆಗೆ ಬಂತು. ಬದಲಿಗೆ ಪಾಷಾರ ಮಗಳ ಮದುವೆಯ ಬಟ್ಟೆಗಳನ್ನೆಲ್ಲ ಆಶಾ ಹೊಲಿದುಕೊಟ್ಟಳು. ಹೊಲಿಗೆ ಮಿಷನ್ನು ಒಂದು ಕಡೆ, ಕಂಪ್ಯೂಟರು ಇನ್ನೊಂದು ಕಡೆ, ನಡುವೆ ತಿರುಗುವ ಕುರ್ಚಿ. ಯಶವಂತಪುರದಿಂದ ಯಲಹಂಕದವರೆಗಿನ ಹಳಿಯನ್ನು ಇಬ್ಬರೂ ಸೇರಿ ಪರದೆಯೊಳಗೆ ಕಟ್ಟತೊಡಗಿದರು. ತಾಂತ್ರಿಕದ್ದೆಲ್ಲ ಪಾಷಾ. ಎಲ್ಲಿ ತಿರುವು, ಎಲ್ಲಿ ಸಿಗ್ನಲ್ಲು, ಎಲ್ಲಿ ಬೇವಿನ ಮರ ಅಡ್ಡ ಬಂದು ಸಿಗ್ನಲ್ಲು ತಡವಾಗಿ ಕಾಣುತ್ತದೆ ಎಂಬುದು ಆಶಾ. ಅವಳಿಗೂ ಗೊತ್ತಿಲ್ಲದ್ದು ಮುನಿಯಣ್ಣನಿಗೆ ಗೊತ್ತಿತ್ತು. ಅವನಿಗೆ ಕಿವಿ ಮಂದವಾಗಿತ್ತು, ಆದರೆ ಹಳಿಯ ಲೆಕ್ಕ ಒಂದೂ ಮರೆತಿರಲಿಲ್ಲ.

ಹಳಿ ಆಯಿತು, ಜನ ಬೇಕಲ್ಲ. ರೈಲಿನ ಹುಚ್ಚಿರುವವರು ಅಂತರ್ಜಾಲದಲ್ಲಿ ಒಬ್ಬೊಬ್ಬರಾಗಿ ಬಂದು ಕೂಡಿಕೊಂಡರು. ಮೊದಲು ಬಂದವರು ಆನಂದಪ್ಪ, ಬ್ಯಾಂಕಿನಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾಗಿ ಯಲಹಂಕ ಉಪನಗರದಲ್ಲಿ ಮನೆ ಮಾಡಿದ್ದವರು. ಮೂರು ಬಣ್ಣದ ಪೆನ್ನು ಇಟ್ಟುಕೊಳ್ಳುವ ಜನ. ಅವರಿಗೆ ಯಲಹಂಕ ಸ್ಟೇಷನ್ನೇ ಸಿಕ್ಕಿತು. ಆಮೇಲೆ ಬಂದವನು ಪುನೀತ್, ಹೆಬ್ಬಾಳದ ಹತ್ತಿರ ಆಫೀಸೊಂದರಲ್ಲಿ ಕೆಲಸ ಮಾಡುವವನು. ರೈಲನ್ನು ಹಾಲಿನ ಲೋಟ ಹಿಡಿದ ಹಾಗೆ ಅಲುಗಾಡದೆ ತಂದು ನಿಲ್ಲಿಸುತ್ತಿದ್ದ. ಇವನನ್ನು ಮೀರಿಸುವ ಡ್ರೈವರು ಗುಂಪಿನಲ್ಲಿ ಯಾರೂ ಇರಲಿಲ್ಲ. ಹದಿನಾಲ್ಕನೇ ಇಸವಿಯಲ್ಲಿ ಹನ್ನೊಂದು ಜನರಿದ್ದ ಗುಂಪು ಹದಿನೇಳಕ್ಕೆ ನಲವತ್ತಾಯಿತು.

ಗುಂಪಿಗೆ ಒಂದು ಕಟ್ಟಳೆ ಇತ್ತು, ಅದು ಮುನಿಯಣ್ಣನ ಗೇಟಿನ ಕಟ್ಟಳೆ. ಮುಂದಿನ ಸ್ಟೇಷನ್ನಿನವರು ನಂಬರ್ ಹೇಳದೆ ಯಾವ ರೈಲೂ ಹೊರಡಬಾರದು. ನಂಬರಿನ ಹಾಳೆ ತಯಾರಾಗುತ್ತಿದ್ದ ಬಗೆ ಕೇಳಿ. ಗಿರಾಕಿಗಳ ಬಟ್ಟೆ ಅದಲುಬದಲಾಗದಿರಲಿ ಎಂದು ಟೈಲರುಗಳು ನಂಬರ್ ಬರೆದ ಬಟ್ಟೆಯ ಚೂರು ಪಿನ್ನು ಮಾಡುತ್ತಾರಲ್ಲ, ಆ ಚೂರುಗಳನ್ನೆಲ್ಲ ಶನಿವಾರ ಮೊರಕ್ಕೆ ಹಾಕಿ ಕೊಡವುವುದು, ಒಂದೊಂದೇ ಎತ್ತುವುದು, ಆಶಾ ಬರೆದುಕೊಳ್ಳುವುದು. ಎತ್ತುವ ಕೈ ಯಾರದು? ಬೈರಮ್ಮನದು. ಬೈಯುತ್ತಲೇ ಎತ್ತುತ್ತಿದ್ದಳು. ಮೊರ ಆಡಿಸಲು ಈ ಸೊಸೆಗೆ ಬರುವುದಿಲ್ಲ, ಚೂರೆಲ್ಲ ನೆಲಕ್ಕೆ ಚೆಲ್ಲುತ್ತಾಳೆ ಎಂಬುದು ಅವಳು ಕೊಡುತ್ತಿದ್ದ ಕಾರಣ. ಒಂದೊಂದು ಸ್ಟೇಷನ್ನಿನ ಹಾಳೆ ಆ ಸ್ಟೇಷನ್ನಿನವರಿಗೆ ಮಾತ್ರ ಹೋಗುತ್ತಿತ್ತು.

ಹದಿನೈದನೇ ಇಸವಿಯಲ್ಲಿ ಒಂದು ಪ್ರಸಂಗ ನಡೆಯಿತು. ಪುನೀತನಿಗೆ ಒಂದು ಭಾನುವಾರ ಎಲ್ಲಿಗೋ ಹೋಗುವ ಅವಸರ. ಆನಂದಪ್ಪನವರಿಂದ ಮೊಬೈಲಿನಲ್ಲಿ ನಾಲ್ಕು ನಂಬರು ಮುಂಗಡವಾಗಿ ತರಿಸಿಕೊಂಡುಬಿಟ್ಟ. ಆನಂದಪ್ಪ ಪ್ರಾಮಾಣಿಕರು, ನಂಬರ್ ಕೊಟ್ಟ ಹೊತ್ತನ್ನು ಇದ್ದದ್ದು ಇದ್ದ ಹಾಗೇ ಪುಸ್ತಕದಲ್ಲಿ ಬರೆದಿದ್ದರು. ರೈಲು ಹುಟ್ಟುವ ಮುಂಚೆಯೇ ಅದಕ್ಕೆ ಹಾದಿ ಸಿಕ್ಕಿದ್ದು ಆಶಾಳ ಕಣ್ಣಿಗೆ ಬಿತ್ತು. ಗುಂಪಿನ ಶ್ರೇಷ್ಠ ಡ್ರೈವರನ್ನೂ ಗುಂಪಿನ ಹಿರಿಯರನ್ನೂ ಮೂರು ಭಾನುವಾರ ಹೊರಗೆ ಕೂರಿಸಿದಳು. ಅಂದಿನಿಂದ ಇನ್ನೊಂದು ಕಟ್ಟಳೆಯಾಯಿತು: ನಂಬರನ್ನು ಕಂಪ್ಯೂಟರಿನಲ್ಲಿ ಎಲ್ಲರೂ ಒಟ್ಟಿಗೆ ಮಾತಾಡುವ ಗುಂಪಿನ ಲೈನಿನಲ್ಲಿ, ಎಲ್ಲರ ಕಿವಿಗೂ ಬೀಳುವ ಹಾಗೆ ಹೇಳಬೇಕು, ಮೊಬೈಲು ಕೂಡದು. ಹಾಗಾದರೆ ಲೈನೇ ಕೆಟ್ಟರೆ ಎಂದು ಆನಂದಪ್ಪ ಕೇಳಿದರು. ತಂತಿ ಕಡಿದುಹೋದಾಗ ಹಳಬರು ಏನು ಮಾಡುತ್ತಿದ್ದರೆಂದು ಆಶಾ ಅಪ್ಪನನ್ನು ಕೇಳಿ ಬಂದು ಹೇಳಿದಳು: ಕಾಗದದ ಮೇಲೆ ಬರೆದು, ಸಹಿ ಹಾಕಿ, ಆಳಿನ ಕೈಯಲ್ಲಿ ಕಳಿಸುತ್ತಿದ್ದರು. ಯಲಹಂಕದಿಂದ ಅಬ್ಬಿಗೆರೆಗೆ ಕಾಗದ ಹೊತ್ತು ಬರುವವರಾರು ಎಂದು ಎಲ್ಲರೂ ನಕ್ಕರು. ಆನಂದಪ್ಪ ನಗುತ್ತಲೇ ಕೆಂಪು ಇಂಕಿನಲ್ಲಿ ಅದನ್ನೂ ಬರೆದು ಗೋಡೆಗೆ ಅಂಟಿಸಿಕೊಂಡರು.

ಇಂಥ ಗುಂಪಿನ ಮೇಲೆ ತ್ಯಾಗರಾಜ್ ಎಂಬವರ ಕಣ್ಣು ಬಿತ್ತು. ಸಹಕಾರನಗರದವರು, ಸಾವಿರಾರು ಜನರಿದ್ದ ಇದೇ ಥರದ ದೊಡ್ಡ ಗುಂಪಿನ ಯಜಮಾನರು. ಒಂದು ದಿನ ಸ್ವೀಟ್ ಬಾಕ್ಸ್ ಹಿಡಿದು ಅಬ್ಬಿಗೆರೆಗೆ ಬಂದರು. ಹಳಿಯನ್ನು ಹೊಗಳಿದರು, ಬೇವಿನ ಮರವನ್ನೂ ಹೊಗಳಿದರು. ಆಮೇಲೆ ವಿಷಯಕ್ಕೆ ಬಂದರು. ಎರಡೂ ಗುಂಪು ಒಂದಾಗಲಿ, ದೊಡ್ಡದಾಗಿ ಮಾಡೋಣ. ಆದರೆ ಈ ನಂಬರಿನ ತಕರಾರು ಬೇಡ, ಹುಡುಗರಿಗೆ ಬೇಜಾರು, ರೈಲು ನಿಂತಿರುವುದೇ ಹೆಚ್ಚು. ಉಸ್ತುವಾರಿ ನಮ್ಮ ಕಡೆಯವರು ನೋಡಿಕೊಳ್ಳುತ್ತಾರೆ, ಮೇಡಮ್ಮಿಗೆ ಹೊಸಬರನ್ನು ಬರಮಾಡಿಕೊಳ್ಳುವ ಕೆಲಸ, ಗೌರವದ ಕೆಲಸ.

ಆಶಾ ಕಾಜಾ ಹೊಲಿಯುತ್ತಲೇ ಕೇಳಿಸಿಕೊಂಡಳು. ದಾರ ಹಲ್ಲಿನಿಂದ ಕಡಿದು ಹೇಳಿದಳು: ‘ಬರಮಾಡ್ಕೊಳ್ಳೋಕೆ ನಮ್ಮತ್ತೆ ಇದ್ದಾರೆ, ಜಗಲಿ ಮೇಲೆ. ನಾನು ಕೂರೋ ಕುರ್ಚಿ ಇದು.’

ವಿಷಯ ಅಲ್ಲಿಗೆ ಮುಗಿಯಲಿಲ್ಲ. ಅವಳ ಗುಂಪಿನಲ್ಲೇ ಗುಸುಗುಸು ಎದ್ದಿತು. ದೊಡ್ಡ ಗುಂಪಿಗೆ ಸೇರಿದರೆ ತಪ್ಪೇನು, ಹೆಂಗಸಿಗೆ ಇಷ್ಟು ಹಟವೇ ಎಂದು ಕೆಲವರು, ನಂಬರಿನಿಂದ ರೈಲು ತಡವಾಗುವುದಂತೂ ನಿಜ ಎಂದು ಕೆಲವರು. ಕೊನೆಗೆ ಆನಂದಪ್ಪನವರೇ ಮಧ್ಯಸ್ಥಿಕೆಗೆ ಕೂತರು, ಪಂದ್ಯ ಕಟ್ಟಿಯಾಯಿತು. ಒಂದು ಭಾನುವಾರ ಸಹಕಾರನಗರದ ಹಾಲೊಂದರಲ್ಲಿ ಎಲ್ಲರೂ ಸೇರುವುದು. ಬೆಳಿಗ್ಗೆ ಒಂಬತ್ತರಿಂದ ನಲವತ್ತೆರಡು ರೈಲು, ಆಶಾಳ ಕಟ್ಟಳೆಯಂತೆ, ನಂಬರ್ ಸಮೇತ. ಕೊನೆಯ ರೈಲು ಸಂಜೆ ಐದರೊಳಗೆ ಯಲಹಂಕ ಮುಟ್ಟಿದರೆ ಎರಡು ಗುಂಪಿಗೂ ಅವಳ ಕಟ್ಟಳೆ, ಉಸ್ತುವಾರಿಯೂ ಅವಳದೇ. ಮುಟ್ಟದಿದ್ದರೆ ಅವಳ ಗುಂಪೂ ಅವಳು ಕಟ್ಟಿದ ಹಳಿಯೂ ತ್ಯಾಗರಾಜರ ಪಾಲು. ನಾಲ್ಕು ವರ್ಷದ ಕೆಲಸವನ್ನು ಒಂದು ಸಂಜೆಗೆ ಕಟ್ಟುತ್ತಿದ್ದೀಯಲ್ಲ ತಂಗಿ ಎಂದು ಪಾಷಾ ಅಂದರು. ನಾಲ್ಕು ವರ್ಷ ನಡೆದದ್ದು ಒಂದು ದಿನ ನಡೆಯದಿದ್ದರೆ ಅದು ನಡೆದಿದ್ದಾದರೂ ಏನು ಎಂದು ಅವಳು ಅಂದಳು.

ಹದಿನೆಂಟನೇ ಇಸವಿ, ಯುಗಾದಿಗೆ ಹದಿನೈದು ದಿನ ಮುಂಚಿನ ಭಾನುವಾರ. ಹಾಲಿನ ಗೋಡೆಯ ತುಂಬ ಪರದೆ, ಅದರ ಮೇಲೆ ಇಡೀ ಹಾದಿಯ ನಕ್ಷೆ. ರೈಲಿರುವ ಜಾಗ ಕೆಂಪು, ಖಾಲಿ ಜಾಗ ಹಸಿರು. ಡ್ರೈವರುಗಳು ಸಾಲಾಗಿ ಲ್ಯಾಪ್‌ಟಾಪು ಇಟ್ಟುಕೊಂಡು ಕೂತರು. ಆಶಾಳದು ಲೊಟ್ಟೆಗೊಲ್ಲಹಳ್ಳಿ ಸ್ಟೇಷನ್ನಿನ ಕುರ್ಚಿ, ಜೊತೆಗೆ ಇಡೀ ಹಾದಿಯ ಉಸ್ತುವಾರಿ. ಯಲಹಂಕ ಸ್ಟೇಷನ್ನಿನ ಆನಂದಪ್ಪ ಮಾತ್ರ ಉಪನಗರದ ತಮ್ಮ ಮನೆಯಲ್ಲೇ ಕೂತರು. ಸ್ಟೇಷನ್ ಮಾಸ್ತರು ಸ್ಟೇಷನ್ ಬಿಟ್ಟು ಬರಬಾರದು ಎಂದು ಅವರ ವಾದ. ಮುನಿಯಣ್ಣನನ್ನು ಮೊದಲನೇ ಸಾಲಿನಲ್ಲಿ ಕೂರಿಸಿದ್ದರು. ಬೈರಮ್ಮ ತಾನು ಬರುವುದಿಲ್ಲ ಅಂದಿದ್ದವಳು ರೇಷ್ಮೆ ಸೀರೆ ಉಟ್ಟು ಎಲ್ಲರಿಗಿಂತ ಮೊದಲು ಆಟೋ ಹತ್ತಿದ್ದಳು.

ಮಧ್ಯಾಹ್ನದ ಹೊತ್ತಿಗೆ ತ್ಯಾಗರಾಜರ ಮುಖ ಸಪ್ಪಗಾಯಿತು. ನಂಬರ್ ಕೇಳುವುದು, ಹೇಳುವುದು, ತಿರುಗಿ ಹೇಳುವುದು, ಬರೆಯುವುದು, ಎಲ್ಲ ಸೇರಿ ಅರೆ ನಿಮಿಷ. ಮೊರದಲ್ಲಿ ಕಾಳು ಕುಣಿದ ಹಾಗೆ ರೈಲುಗಳು ಒಂದರ ಹಿಂದೆ ಒಂದು ಹೋದವು. ನಾಲ್ಕೂವರೆಗೆ ನಲವತ್ತೊಂದು ಮುಟ್ಟಿದ್ದವು. ಉಳಿದದ್ದು ಪುನೀತನ ರೈಲೊಂದೇ, ಲೊಟ್ಟೆಗೊಲ್ಲಹಳ್ಳಿಗೆ ಬಂದು ನಿಂತಿತ್ತು. ಅಲ್ಲಿಂದ ಯಲಹಂಕಕ್ಕೆ ಕಾಲು ಗಂಟೆಯ ಹಾದಿ. ಪಾಷಾ ಆಗಲೇ ಎಲ್ಲರಿಗೂ ಚಹಾ ತರಿಸಲು ಎದ್ದಿದ್ದರು.

‘ಯಲಹಂಕ, ಯಲಹಂಕ, ನಂಬರ್ ಹೇಳಿ,’ ಅಂದಳು ಆಶಾ.

ಉತ್ತರ ಬರಲಿಲ್ಲ. ಇನ್ನೊಂದು ಸಲ ಕರೆದಳು. ಲೈನು ಮೂಕವಾಗಿತ್ತು. ಉಪನಗರದಲ್ಲಿ ಕರೆಂಟು ಹೋಗಿತ್ತು. ಆನಂದಪ್ಪನವರ ಯುಪಿಎಸ್ಸು ಹತ್ತು ನಿಮಿಷ ಕೂಗಿ ಕೂಗಿ ಅದೂ ತಣ್ಣಗಾಗಿತ್ತು.

ತ್ಯಾಗರಾಜ್ ಕೂಡಲೇ ಆನಂದಪ್ಪನವರ ಮೊಬೈಲಿಗೆ ಫೋನು ಮಾಡಿದರು, ಎಲ್ಲರಿಗೂ ಕೇಳುವ ಹಾಗೆ ಸ್ಪೀಕರಿಗೆ ಹಾಕಿದರು. ಒಂದು ನಂಬರ್ ಹೇಳಿಬಿಡಿ ಸಾರ್, ಮುಗಿದುಹೋಗಲಿ ಅಂದರು. ಅವರದೂ ಕೆಟ್ಟ ಮನಸ್ಸಲ್ಲ, ಇಷ್ಟು ಜನರ ಎದುರು ಆಟ ಅರ್ಧಕ್ಕೆ ನಿಲ್ಲುವುದು ಅವರಿಗೂ ಬೇಕಿರಲಿಲ್ಲ. ಆಚೆಯಿಂದ ಆನಂದಪ್ಪನವರ ದನಿ ಬಂತು: ‘ಮೊಬೈಲಲ್ಲಿ ನಂಬರ್ ಕೊಡೋ ಹಾಗಿಲ್ಲ ಸ್ವಾಮಿ. ಮೂರು ಭಾನುವಾರ ಹೊರಗೆ ಕೂತು ಕಲ್ತಿದ್ದೀನಿ.’ ಫೋನು ಕಟ್ಟಾಯಿತು.

ಹಾಲಿನಲ್ಲಿ ನಗು ಎದ್ದಿತು. ನಗು ಅಡಗಿದ ಮೇಲೆ ಎಲ್ಲರ ಕಣ್ಣೂ ಆಶಾಳ ಕಡೆ ತಿರುಗಿತು. ಗಡಿಯಾರ ನಾಲ್ಕು ಮೂವತ್ತೆಂಟು. ಗೋಡೆಯ ಮೇಲೆ ಲೊಟ್ಟೆಗೊಲ್ಲಹಳ್ಳಿಯಿಂದ ಯಲಹಂಕದವರೆಗೆ ಹಾದಿ ಹಸಿರಾಗಿ ಮಲಗಿತ್ತು, ನಡುವೆ ಒಂದು ಇರುವೆಯೂ ಇರಲಿಲ್ಲ. ತ್ಯಾಗರಾಜ್ ಅವಳ ಕುರ್ಚಿಯ ಹತ್ತಿರ ಬಂದು ಮೆತ್ತಗೆ ಹೇಳಿದರು:

‘ಮೇಡಂ, ಲೈನ್ ಖಾಲಿ ಇದೆ. ನನಗೂ ಕಾಣ್ತಿದೆ, ನಿಮಗೂ ಕಾಣ್ತಿದೆ. ಬಿಡಿ, ನೀವೇ ಗೆದ್ರಿ ಅಂತ ನಾನೇ ಹೇಳ್ತೀನಿ.’

‘ಕಾಣ್ತಿದೆ ಸಾರ್,’ ಅಂದಳು ಆಶಾ. ‘ಖಾಲಿ ಇರೋದು ಕಾಣ್ತಿದೆ. ನಂಬರ್ ಬಂದಿಲ್ಲ.’

ಸಿಗ್ನಲ್ಲಿನ ಗುಂಡಿ ಅವಳ ಬೆರಳಿಗೆ ಎರಡಂಗುಲ ದೂರದಲ್ಲಿತ್ತು. ಒತ್ತಿದರೆ ಗೆಲುವು, ಕುರ್ಚಿ, ಸಾವಿರಾರು ಜನರ ಉಸ್ತುವಾರಿ. ಒತ್ತು ಎಂದು ಎದುರಾಳಿಯೇ ಹೇಳುತ್ತಿದ್ದಾರೆ. ಅವಳು ಎರಡೂ ಕೈಯನ್ನು ಮಡಿಲಲ್ಲಿ ಇಟ್ಟುಕೊಂಡಳು.

ಆಗ ಹಿಂದಿನ ಸಾಲಿನ ಹುಡುಗನೊಬ್ಬ ತನ್ನ ಇಂಜಿನ್ನಿನ ಹಾರನ್ನು ಒತ್ತಿದ. ಅವನನ್ನು ನೋಡಿ ಪಕ್ಕದವನು ಒತ್ತಿದ. ನಿಮಿಷದೊಳಗೆ ಹಾಲಿನ ತುಂಬ ಹಾರನ್ನೇ ಹಾರನ್ನು, ತಮಾಷೆಗೆ ಶುರುವಾದದ್ದು ಸಿಟ್ಟಿಗೆ ತಿರುಗಿತು. ಬಿಡ್ರೀ, ಬಿಡ್ರೀ ಎಂದು ಕೂಗು. ಆಶಾಳ ಗುಂಪಿನವರೂ ಕೂಗುವವರಲ್ಲಿ ಇದ್ದರು. ಅವಳ ಕೆನ್ನೆ ಯಾರೂ ಹೊಡೆಯದೆಯೇ ಬಿಸಿಯಾಯಿತು. ಮೂವತ್ತು ವರ್ಷದ ಹಿಂದಿನ ಧೂಳು, ಲಾರಿ, ಬಿಳಿ ಕಾರು ಎಲ್ಲ ಆ ಹಾಲಿನೊಳಗೇ ಬಂದು ನಿಂತ ಹಾಗಾಯಿತು. ಅವಳು ತಿರುಗಿ ಮೊದಲ ಸಾಲಿನ ಕಡೆ ನೋಡಿದಳು. ಮುನಿಯಣ್ಣನಿಗೆ ಹಾರನ್ನು ಕೇಳಿಸುತ್ತಿರಲಿಲ್ಲ. ಮುದುಕ ಕೈಯನ್ನು ಕಿವಿಯ ಹಿಂದೆ ಹಿಡಿದು, ಏನು ನಡೆಯುತ್ತಿದೆ ಎಂಬಂತೆ ಮಗಳ ಮುಖವನ್ನೇ ನೋಡುತ್ತಿದ್ದ.

‘ನಂಬರ್ ಬಂತೇನಮ್ಮ?’ ಎಂದು ಜೋರಾಗಿ ಕೇಳಿದ.

‘ಇಲ್ಲಪ್ಪ.’

‘ಮತ್ತೆ?’ ಅಂದು ಮುನಿಯಣ್ಣ ಹಿಂದಕ್ಕೆ ಒರಗಿ ಕೂತುಕೊಂಡ.

ನಾಲ್ಕು ಮುಕ್ಕಾಲಾಯಿತು. ಐದಾಯಿತು. ಹಾರನ್ನುಗಳು ತಾವಾಗಿಯೇ ದಣಿದು ನಿಂತವು. ಕುರ್ಚಿಗಳು ಸರಿದವು, ಲ್ಯಾಪ್‌ಟಾಪುಗಳು ಮುಚ್ಚಿದವು, ಅರ್ಧ ಹಾಲು ಖಾಲಿಯಾಯಿತು. ಪುನೀತ್ ಮಾತ್ರ ಬ್ರೇಕು ಹಿಡಿದು ಕೆಂಪು ಸಿಗ್ನಲ್ಲಿನ ಮುಂದೆ ತನ್ನ ರೈಲಿನಲ್ಲಿ ಕೂತೇ ಇದ್ದ. ಬಾರೋ ಮಗಾ, ಹೋಗೋಣ ಎಂದು ಗೆಳೆಯರು ಕರೆದರೆ, ರೈಲು ಹಾದಿಯಲ್ಲಿ ಬಿಟ್ಟು ಹೇಗೋ ಬರಲಿ ಅಂದ.

ಐದು ಗಂಟೆ ಹನ್ನೆರಡು ನಿಮಿಷಕ್ಕೆ ಹಾಲಿನ ಬಾಗಿಲು ತೆರೆಯಿತು. ಹೆಲ್ಮೆಟ್ಟು ತಲೆಯಲ್ಲೇ ಇತ್ತು, ಮೈ ಬೆವರಿತ್ತು. ಆನಂದಪ್ಪ ಉಪನಗರದಿಂದ ಸ್ಕೂಟರಿನಲ್ಲಿ, ಏರ್‌ಪೋರ್ಟ್ ರಸ್ತೆಯ ಭಾನುವಾರದ ಗದ್ದಲ ಸೀಳಿಕೊಂಡು ಬಂದಿದ್ದರು. ಅಂಗಿಯ ಜೇಬಿನಿಂದ ನಾಲ್ಕು ಮಡಿಕೆ ಮಾಡಿದ ಕಾಗದ ತೆಗೆದು ಆಶಾಳ ಮೇಜಿನ ಮೇಲಿಟ್ಟರು. ಮೂರು ಬಣ್ಣದ ಇಂಕಿನಲ್ಲಿ ಬರೆದಿತ್ತು: ರೈಲಿನ ಹೆಸರು ನೀಲಿ, ಹೊತ್ತು ಹಸಿರು, ನಂಬರ್ ಕೆಂಪು. ಕೆಳಗೆ ಸಹಿ.

ಆಶಾ ಎದ್ದು ನಿಂತು ಓದಿದಳು: ‘ಅರವತ್ತೆಂಟು. ಆರು, ಎಂಟು.’ ಪುಸ್ತಕದಲ್ಲಿ ಬರೆದಳು. ಗುಂಡಿ ಒತ್ತಿದಳು. ಸಿಗ್ನಲ್ಲು ಹಸಿರಾಯಿತು. ಪುನೀತ್ ಉದ್ದಕ್ಕೆ ಒಂದು ಹಾರನ್ನು ಹೊಡೆದ, ರೈಲು ಅಲುಗಿತು. ಗೆಲ್ಲಲು ಏನೂ ಉಳಿದಿರಲಿಲ್ಲ. ಆದರೂ ಹಾಲಿನಲ್ಲಿ ಉಳಿದಿದ್ದ ಇಪ್ಪತ್ತು ಮೂವತ್ತು ಜನ ಒಬ್ಬರೂ ಏಳದೆ, ಆ ಕೆಂಪು ಚುಕ್ಕೆ ಕೊಡಿಗೇಹಳ್ಳಿ ದಾಟಿ ಯಲಹಂಕ ಮುಟ್ಟುವವರೆಗೂ ನೋಡಿದರು. ಐದು ಮೂವತ್ತೊಂದಕ್ಕೆ ಮುಟ್ಟಿತು.

ಆಶಾ ಚೀಲದಿಂದ ಪೆನ್‌ಡ್ರೈವು ತೆಗೆದು ತ್ಯಾಗರಾಜರ ಕೈಗಿಟ್ಟಳು. ಅವರು ತೆಗೆದುಕೊಳ್ಳಲು ಹಿಂದೆಮುಂದೆ ನೋಡಿದರು.

‘ಮಾತು ಕೊಟ್ಟಿದ್ದೆ, ತಗೊಳ್ಳಿ ಸಾರ್,’ ಅಂದಳು. ‘ಹಳಿ ನಿಮ್ಮದು. ಗುಂಪಲ್ಲಿ ಯಾರ್ ಬರ್ತಾರೋ ಅವರೂ ನಿಮ್ಮವರು. ನಾನು ಮಾತ್ರ ನಂಬರ್ ಇಲ್ದೆ ಬಿಟ್ಟೆ ಅಂತ ಯಾರೂ ಹೇಳ್ಬಾರ್ದು.’

ಸುಳ್ಳೇಕೆ, ದೊಡ್ಡ ಗುಂಪು ಚೆನ್ನಾಗಿಯೇ ನಡೆಯಿತು. ಅಲ್ಲಿ ರೈಲುಗಳು ಬೇಗ ಬೇಗ ಓಡಿದವು, ಯಾರೂ ಯಾರನ್ನೂ ಕಾಯಿಸಲಿಲ್ಲ. ಆಶಾಳ ನಲವತ್ತು ಜನರಲ್ಲಿ ಮುಕ್ಕಾಲು ಪಾಲು ಅಲ್ಲಿಗೆ ಹೋದರು, ಉಳಿದವರು ಸದ್ದಿಲ್ಲದೆ ಕರಗಿದರು. ಹಟದಿಂದ ಕೆಟ್ಟಳು ಎಂಬ ಮಾತು ಅವಳ ಕಿವಿಯವರೆಗೂ ಬಂತು. ಭೀಮರಾಜ್ ಒಬ್ಬನೇ ಒಂದು ಸಲ ಕೇಳಿದ, ಹಾದಿ ಖಾಲಿ ಇತ್ತಂತಲ್ಲ, ಬಿಡಬಹುದಿತ್ತಲ್ಲವೇ ಎಂದು. ಖಾಲಿಯೇ ಇತ್ತು, ಹಾಗಾದರೇನು ಅಂದಳು.

ಅವಳು ಮಾಡಿದ್ದು ಬೇರೆ. ಯಲಹಂಕದ ಹಾದಿ ಕೈಬಿಟ್ಟಿತಲ್ಲ, ಯಶವಂತಪುರದಿಂದ ಇನ್ನೊಂದು ಕಡೆಗೆ, ಚಿಕ್ಕಬಾಣಾವರದ ಕಡೆಗೆ, ತನ್ನ ಮನೆಯ ಹಿಂದೆಯೇ ಕೂಗಿಕೊಂಡು ಹೋಗುವ ರೈಲಿನ ಹಾದಿಯನ್ನು ಪರದೆಯೊಳಗೆ ಮೊದಲಿನಿಂದ ಕಟ್ಟತೊಡಗಿದಳು. ಪಾಷಾ ಜೆರಾಕ್ಸ್ ಅಂಗಡಿ ಮುಚ್ಚಿ ಬಸ್ಸು ಹಿಡಿದು ಬರುತ್ತಿದ್ದರು. ಮೂರು ತಿಂಗಳಿಗೆ ಎರಡು ಸ್ಟೇಷನ್ನು, ಅವುಗಳ ನಡುವೆ ಅಷ್ಟು ಹಳಿ ಸಿದ್ಧವಾಯಿತು. ಯಶವಂತಪುರಕ್ಕೆ ಆನಂದಪ್ಪ, ಚಿಕ್ಕಬಾಣಾವರಕ್ಕೆ ತಾನು. ಓಡಿಸಲು ಪಾಷಾರೇ, ಇನ್ನೂ ಬ್ರೇಕು ತಡವಾಗಿ ಹಿಡಿಯುತ್ತಿದ್ದರು.

ಮೊದಲ ಭಾನುವಾರದ ಹಿಂದಿನ ದಿನ ಬೈರಮ್ಮ ತಾನಾಗಿಯೇ ಮೊರ ತಂದು ನಡುಮನೆಯಲ್ಲಿ ಕೂತಳು. ಸಂದಿಯಲ್ಲಿ ಯಾರೋ, ನಿನ್ನ ಸೊಸೆಯ ರೈಲು ನಿಂತುಹೋಯಿತಂತಲ್ಲ ಎಂದು ಬೆಳಿಗ್ಗೆ ಅಂದಿದ್ದರಂತೆ. ಅವರ ಏಳು ತಲೆಮಾರನ್ನು ಜಾಲಾಡಿ ಬಂದಿದ್ದಳು. ಬಟ್ಟೆಯ ಚೂರುಗಳನ್ನು ಮೊರಕ್ಕೆ ಸುರಿದು ಒಂದು ಸಲ ಕೊಡವಿ ಕೇಳಿದಳು:

‘ಎಷ್ಟು ಟೇಸನ್‌ಗೆ ತೆಗೀಲೇ?’

‘ಎರಡಕ್ಕೆ ಸಾಕತ್ತೆ. ಎರಡೇ ಇರೋದು.’

ಬೈರಮ್ಮ ಎರಡು ಹಾಳೆಗಾಗುವಷ್ಟು ಎತ್ತಿ ಮುಗಿಸಿದಳು. ಕೈ ನಿಲ್ಲಿಸಲಿಲ್ಲ.

‘ಅತ್ತೆ, ಸಾಕು ಅಂದ್ನಲ್ಲ.’

‘ಬರ್ಕೊಳ್ಳೇ ಸುಮ್ಕೆ,’ ಅಂದಳು ಬೈರಮ್ಮ, ಮೊರವನ್ನು ಇನ್ನೊಮ್ಮೆ ಆಡಿಸುತ್ತಾ. ‘ಮೂರನೇದಕ್ಕೂ ತೆಗ್ದಿಡ್ತೀನಿ. ಯಾವೋನಾದ್ರೂ ಬತ್ತಾನೆ.’